ನೋಟಗಾರನ ಕಿವಿ

ನಮ್ಮೂರಿನಲ್ಲಿ ಕನ್ನಡಿ ಇಲ್ಲ. ಕೊಡದಲ್ಲಿ ನೀರು ತುಂಬಿದರೆ ಮೊದಲು ಬೆರಳು ಹಾಕಿ ಕಲಕಬೇಕು, ಆಮೇಲೆ ಬಗ್ಗಿ ನೋಡಬೇಕು. ಹಿತ್ತಾಳೆ ಪಾತ್ರೆಯನ್ನು ಹುಣಸೆಹಣ್ಣು ಹಾಕಿ ಫಳಫಳ ಬೆಳಗುವ ಹೆಂಗಸನ್ನು ನಮ್ಮವರು ಮೆಚ್ಚುವುದಿಲ್ಲ. ಮಂಕು ಹಿಡಿದ ಪಾತ್ರೆಯೇ ಮರ್ಯಾದಸ್ಥರ ಮನೆಯ ಲಕ್ಷಣ. ಹಣೆಯ ಕುಂಕುಮವನ್ನು ಒಬ್ಬರಿಗೊಬ್ಬರು ಇಡಬೇಕು. ಅತ್ತೆ ಸೊಸೆ ಜಗಳವಾಡಿದ ದಿನ ಸೊಸೆಯ ಕುಂಕುಮ ಹುಬ್ಬಿನ ಮೇಲೆ ಕೂತಿರುತ್ತದೆ, ಊರಿಗೆಲ್ಲ ಸಂಗತಿ ತಿಳಿಯುತ್ತದೆ. ನಗಬೇಡಿ. ಇದೆಲ್ಲ ಹೆದರಿಕೆಯಿಂದ ಮಾಡಿಕೊಂಡ ಏರ್ಪಾಡು. ಹೆದರಿಕೆ ಗೋಡೆಯದು.

ಊರ ಮೂಡಣಕ್ಕೆ ಒಂದು ಗೋಡೆಯಿದೆ. ಯಾರು ಕಟ್ಟಿದರೋ ಗೊತ್ತಿಲ್ಲ, ಆಚೆ ಏನಿದೆಯೋ ಗೊತ್ತಿಲ್ಲ. ಬಾವಿಗೆ ಹೋಗುವವರು, ಹೊಲಕ್ಕೆ ಹೋಗುವವರು, ಸುಡುಗಾಡಿಗೆ ಹೋಗುವವರು ಎಲ್ಲರೂ ಅದರ ಮುಂದೆಯೇ ಹೋಗಬೇಕು, ಬೇರೆ ದಾರಿಯಿಲ್ಲ. ಆ ಗೋಡೆಗೆ ಒಂದೇ ನಿಯಮ. ಅದರ ಮೇಲೆ ಕಂಡದ್ದನ್ನು ನೋಡಿ ಯಾರಾದರೂ ‘ಇದು ಇಂಥದ್ದರ ಹಾಗಿದೆ’ ಎಂದುಬಿಟ್ಟರೆ, ಆ ಇಂಥದ್ದು ಇಲ್ಲವಾಗುತ್ತದೆ. ಇಲ್ಲವಾಗುವುದೆಂದರೆ ಸಾಯುವುದಲ್ಲ. ಸತ್ತರೆ ಅಳಬಹುದು, ತಿಥಿ ಮಾಡಬಹುದು. ಇಲ್ಲಿ ಅದನ್ನು ಕಣ್ಣಾರೆ ಕಂಡವರ ತಲೆಯಿಂದಲೂ ಅದು ಹೊರಟುಹೋಗುತ್ತದೆ.

ನಮ್ಮ ಸೂರಿನ ಕೆಳಗೆ ಹುಲ್ಲಿನಿಂದ ಹೆಣೆದ ಪುಟ್ಟ ಗೂಡುಗಳಿವೆ. ಒಳಗೆ ಏನಿರುತ್ತಿತ್ತು ಎಂದು ಯಾರಿಗೂ ಗೊತ್ತಿಲ್ಲ. ಊರ ಹೊರಗೆ ಸೇತುವೆಯಿದೆ, ಕೆಳಗೆ ಒಣ ಕಲ್ಲು. ಯಾಕೆ ಕಟ್ಟಿದರು ಎಂದು ಕೇಳಿದರೆ ಹಿರಿಯರು ಕೆಮ್ಮುತ್ತಾರೆ. ಉಳುವಾಗ ನೊಗವನ್ನು ಗಂಡಸರೇ ಹೊರುತ್ತಾರೆ, ಆದರೆ ಅದು ಗಂಡಸರ ಹೆಗಲಿಗೆ ಹೊಂದುವುದಿಲ್ಲ. ಬೇರೆ ಯಾವುದರದೋ ಹೆಗಲಿಗೆ ಮಾಡಿದ್ದು. ರಾತ್ರಿ ಹೆಗಲಿಗೆ ಎಣ್ಣೆ ಹಚ್ಚುವಾಗ ಆ ಯಾವುದೋ ಒಂದನ್ನು ನೆನೆಸಿಕೊಳ್ಳಲು ನೋಡುತ್ತೇವೆ, ನೆನಪಾಗುವುದಿಲ್ಲ.

ಹಾಗಾದರೆ ಗೋಡೆಯನ್ನು ಬಿಳಿಯಾಗಿ ಬಿಟ್ಟರಾಯಿತಲ್ಲ ಎಂದು ನೀವು ಕೇಳಬಹುದು. ನಮ್ಮವರೂ ಜಾಣರೇ, ಒಂದು ವರ್ಷ ಬಿಟ್ಟು ನೋಡಿದರು. ಮಳೆ ಬಂತು, ತೇವ ಹಿಡಿಯಿತು, ಪಾಚಿ ಕಟ್ಟಿತು, ಸುಣ್ಣ ಚಕ್ಕೆ ಚಕ್ಕೆಯಾಗಿ ಉದುರಿತು. ಖಾಲಿ ಗೋಡೆಯಲ್ಲಿ ಕಾಣುವಷ್ಟು ಬೇರೆಲ್ಲೂ ಕಾಣುವುದಿಲ್ಲ. ಒಬ್ಬನಿಗೆ ಒಂದು ಕಂಡಿತು, ಇನ್ನೊಬ್ಬನಿಗೆ ಇನ್ನೊಂದು. ಮೂರು ದಿನದಲ್ಲಿ ಬೀದಿಗೆ ಬೀದಿಯೇ ಹೋಯಿತು. ಈಗಲೂ ಆ ಜಾಗದಲ್ಲಿ ಹೊಸ್ತಿಲುಗಳಿವೆ, ಮನೆಗಳಿಲ್ಲ. ಅಂದಿನಿಂದ ನಮ್ಮೂರಿನಲ್ಲಿ ಹೋಲಿಕೆ ಕೊಟ್ಟು ಮಾತಾಡುವವನಿಗೆ ಹೆಣ್ಣು ಕೊಡುವುದಿಲ್ಲ.

ಅದಕ್ಕೇ ಪ್ರತಿ ವರ್ಷ ಮಳೆ ನಿಂತ ಮೇಲೆ, ಗೋಡೆಯ ಮೇಲೆ ಯಾವುದರ ಹಾಗೂ ಇಲ್ಲದ ಒಂದು ಚಿತ್ರ ಬರೆಯಬೇಕು. ಒಂಬತ್ತು ದಿನದ ಕೆಲಸ. ಚಿತ್ರ ಮುಗಿದ ದಿನ ಊರಿನವರೆಲ್ಲ ಸಾಲಾಗಿ ಅದರ ಮುಂದೆ ನಡೆಯುತ್ತಾರೆ, ಬಾಯಿ ತುಂಬ ನೀರು ತುಂಬಿಕೊಂಡು. ನೋಡಬೇಕು, ನಡೆಯಬೇಕು, ಮುಂದೆ ಕಾಲುವೆಯ ಹತ್ತಿರ ಉಗಿಯಬೇಕು. ಮೊದಲ ನೋಟ ದಾಟಿದರೆ ಆಮೇಲೆ ಅದು ಕಣ್ಣಿಗೆ ಒಗ್ಗಿಹೋಗುತ್ತದೆ, ಮುಂದಿನ ಮಳೆಯವರೆಗೆ ಯಾರಿಗೂ ಏನೂ ಅನ್ನಿಸುವುದಿಲ್ಲ.

ಈ ಕೆಲಸಕ್ಕೆ ಇಬ್ಬರು. ಒಬ್ಬರು ಬರೆಯುವವರು. ಅವರು ಕೆಲಸ ವಹಿಸಿಕೊಂಡ ದಿನದಿಂದ ಮುಖಕ್ಕೆ ಮುಸುಕು ಹಾಕಿಕೊಳ್ಳಬೇಕು, ಗೋಡೆಗೆ ಮುಖ ಪರಿಚಯವಾಗಬಾರದೆಂದು. ಮನೆಯೊಳಗೆ ಮಾತ್ರ ತೆಗೆಯಬಹುದು. ಇನ್ನೊಬ್ಬ ನೋಟಗಾರ. ಅದು ನಾನು, ಅಪ್ಪನಿಂದ ಬಂದ ಕೆಲಸ. ಊರಿಗಿಂತ ಮೊದಲು ಚಿತ್ರವನ್ನು ನಾನು ಮೂರು ಸಲ ನೋಡಬೇಕು: ಮೂಗು ತಾಗುವಷ್ಟು ಹತ್ತಿರದಿಂದ, ಮೂವತ್ತು ಹೆಜ್ಜೆ ದೂರದಿಂದ, ಕೊನೆಗೆ ಗೋಡೆಗೆ ಬೆನ್ನು ಹಾಕಿ ಬಗ್ಗಿ ಕಾಲ ಸಂದಿಯಿಂದ. ಹೆಂಡತಿ ಮಕ್ಕಳಿರುವ ಗಂಡಸು ನಡುಬೀದಿಯಲ್ಲಿ ಹಾಗೆ ಬಗ್ಗುವುದು ಚೆಂದವಲ್ಲ, ಆದರೆ ನೆಟ್ಟಗೆ ಕಾಣದ್ದು ಎಷ್ಟೋ ಸಲ ತಲೆಕೆಳಗಾದಾಗ ಕಂಡಿದೆ. ಏನಾದರೂ ಕಂಡರೆ ಬಾಯಿ ಬಿಡಬಾರದು, ಬಲಗೈ ಎತ್ತಬೇಕು, ಬೆರಳು ತೋರಿಸಬೇಕು. ಬರೆಯುವವರು ಅಷ್ಟು ಜಾಗಕ್ಕೆ ಸುಣ್ಣ ಬಳಿಯುತ್ತಾರೆ.

ಅಪ್ಪ ಕೆಲಸ ಒಪ್ಪಿಸುವಾಗ ಇನ್ನೊಂದು ಮಾತು ಹೇಳಿದ್ದ. “ನೋಟಗಾರನ ಕಿವಿಯೊಳಗೆ ಹೇಳಿದ್ದು ಗೋಡೆಗೆ ಕೇಳಿಸಲ್ಲ ಕಣೋ.” ಅವನಿಗೆ ಅವನಪ್ಪ ಹೇಳಿದ್ದನಂತೆ. ಪರೀಕ್ಷೆ ಮಾಡಿ ನೋಡಿದವರು ಯಾರೂ ಇರಲಿಲ್ಲ. ನಾನಂತೂ ಅದನ್ನು ಪಿತ್ರಾರ್ಜಿತ ಆಸ್ತಿ ಎಂದು ಜಂಬದಿಂದ ಇಟ್ಟುಕೊಂಡಿದ್ದೆ. ನನ್ನ ಕಿವಿ ಎಂದರೆ ಸಾಮಾನ್ಯದ್ದೇನು!

ನನ್ನ ಕಾಲದಲ್ಲಿ ಬರೆಯುತ್ತಿದ್ದವರನ್ನು ನಾನು ದೊಡ್ಡಮ್ಮ ಎನ್ನುತ್ತಿದ್ದೆ. ಇಪ್ಪತ್ತೆರಡು ವರ್ಷ ಜೊತೆಗಿದ್ದೆ, ಮುಖ ನೋಡಿಲ್ಲ. ಕೈ ಗೊತ್ತು: ಸುಣ್ಣ ತಿಂದು ಬಿರಿದ ಬೆರಳು, ಉಗುರಿನೊಳಗೆ ಕೆಮ್ಮಣ್ಣು. ದನಿ ಗೊತ್ತು. ಆಕೆ ಈ ಕೆಲಸಕ್ಕೆ ಬಂದ ಕತೆಯೂ ಊರಿಗೆಲ್ಲ ಗೊತ್ತು. ಆಕೆಗೆ ಏಳು ವರ್ಷ, ತಮ್ಮನಿಗೆ ಐದು. ಇಬ್ಬರೂ ಯಾರದೋ ಕೈ ಹಿಡಿದುಕೊಂಡು ಸಾಲಿನಲ್ಲಿ ನಡೆಯುತ್ತಿದ್ದರು. ತಮ್ಮನಿಗೆ ಬಾಯಾರಿಕೆ. ಬಾಯಲ್ಲಿದ್ದ ನೀರನ್ನು ನುಂಗಿಬಿಟ್ಟ, ಗೋಡೆ ನೋಡಿ “ಅಮ್ಮನ ಹಾಗಿದೆ” ಎಂದ. ಆಮೇಲೆ ಎರಡು ಮಕ್ಕಳು ಇದ್ದವು, ಅವು ಹಿಡಿದುಕೊಂಡಿದ್ದ ಕೈ ಇರಲಿಲ್ಲ. ಆ ಮಾತು ಮಾತ್ರ ಎಲ್ಲರ ಕಿವಿಯಲ್ಲಿ ಉಳಿದಿತ್ತು. ಅದರಿಂದಲೇ ಈ ಮಕ್ಕಳಿಗೆ ತಾಯಿಯೊಬ್ಬಳು ಇದ್ದಿರಬೇಕೆಂದು ಊರು ಲೆಕ್ಕ ಹಾಕಿತು. ಮುಖ ಯಾರಿಗೂ ನೆನಪಿರಲಿಲ್ಲ, ಆ ಮಕ್ಕಳಿಗೂ.

ತಮ್ಮ ಅಂದು ಮುಚ್ಚಿದ ಬಾಯನ್ನು ಮತ್ತೆ ಬಿಚ್ಚಲಿಲ್ಲ. ಮದುವೆಯಾಗಲಿಲ್ಲ, ಜಗಳವಾಡಲಿಲ್ಲ, ಚೇಳು ಕುಟುಕಿದಾಗಲೂ ಅಯ್ಯೋ ಅನ್ನಲಿಲ್ಲ. ಐವತ್ತು ವರ್ಷ. ಅಕ್ಕ ಹದಿನೆಂಟು ತುಂಬಿದ ಕೂಡಲೇ ಮುಸುಕು ಹಾಕಿಕೊಂಡು ಗೋಡೆಯ ಮುಂದೆ ನಿಂತಳು. ಇನ್ನು ಯಾವ ಮಗುವಿನ ಬಾಯಿಂದಲೂ ಅಂಥ ಮಾತು ಬರಬಾರದು, ಅಷ್ಟೇ ಆಕೆಯ ವ್ರತ.

ಆಕೆ ಬರೆಯುತ್ತಿದ್ದ ರೀತಿ ನೋಡಿದರೆ ಹುಚ್ಚು ಎನ್ನುತ್ತೀರಿ. ಬಲಗೈ ಜಾಣ ಕೈ, ಅದನ್ನು ಬೆನ್ನಿಗೆ ಕಟ್ಟಿಕೊಂಡು ಎಡಗೈಯಲ್ಲಿ ಬರೆಯುವರು. ಪೊರಕೆ, ತೆಂಗಿನ ನಾರು, ಹರಕು ಬಟ್ಟೆ, ಕೆಲವೊಮ್ಮೆ ಬರೀ ಅಂಗೈ. ಗೆರೆ ಎಳೆಯುವಾಗ ಹಿಂದೆ ಹಿಂದೆ ನಡೆಯುವರು. ಎರಡು ಚುಕ್ಕೆ ಅಕ್ಕಪಕ್ಕ ಬಂದರೆ ಕಣ್ಣಾಗುತ್ತದೆ, ಒಂದನ್ನು ಅಳಿಸಬೇಕು. ಹಸಿರಿನ ಕೆಳಗೆ ಕಂದು ಬಂದರೆ ಮರವಾಗುತ್ತದೆ, ನಡುವೆ ನೀಲಿ ಸುರಿಯಬೇಕು. ಅಡ್ಡಗೆರೆಯ ಮೇಲೆ ದುಂಡಗಿನದು ಕೂತರೆ ಸೂರ್ಯ. ಸೂರ್ಯ ಹೋದರೆ ನಮ್ಮ ಗತಿ?

“ಗೆರೆಗೆ ತವರಿನ ಆಸೆ ಕಣೋ,” ಎನ್ನುವರು. “ಎಳೆದ ತಕ್ಷಣ ಏನೋ ಒಂದು ಆಗಬೇಕು ಅಂತ ಹೊರಟುಬಿಡುತ್ತೆ. ಅದರ ಊರು ಕಾಣೋ ಮುಂಚೆ ಹಿಡಿದು ತಿರುಗಿಸಬೇಕು.”

“ನಿಮಗೆ ಹೆದರಿಕೆ ಆಗಲ್ವಾ ದೊಡ್ಡಮ್ಮ?”

“ಹೆದರಿಕೆ ಆಗ್ದೆ? ಹೆದರಿಕೆ ಬಿಟ್ಟರೆ ಬರೆಯೋಕೆ ನನ್ ಹತ್ರ ಇನ್ನೇನಿದೆ?”

ನಿಜ. ಚಿತ್ರ ಮುಗಿದು ಕೊನೆಯ ಮನುಷ್ಯ ಕಾಲುವೆಗೆ ನೀರು ಉಗಿಯುವವರೆಗೆ ಆಕೆ ಒಂದು ಅಗುಳು ತಿನ್ನುತ್ತಿರಲಿಲ್ಲ. ಕಾಲುವೆಯ ಕಟ್ಟೆಯ ಮೇಲೆ ಕೂತು ಎರಡೂ ಕೈ ಕಂಕುಳಲ್ಲಿ ಇಟ್ಟುಕೊಂಡಿರುವರು, ನಡುಕ ಯಾರಿಗೂ ಕಾಣದಿರಲೆಂದು. ನನಗೆ ಕಾಣುತ್ತಿತ್ತು.

ಈ ವರ್ಷ ಎಂಟನೆಯ ದಿನ ಆಕೆ ಪೊರಕೆ ಕೆಳಗಿಟ್ಟು ನನ್ನನ್ನು ಹತ್ತಿರ ಕರೆದರು.

“ಲೋ ನೋಟಗಾರ, ಒಂದು ಸಲ ಹೋದದ್ದು ಮತ್ತೆ ಹೋಗೋಕಾಗುತ್ತೇನೋ?”

“ಅದು ಹೇಗಾಗುತ್ತೆ ದೊಡ್ಡಮ್ಮ? ಇಲ್ಲದ್ದು ಇನ್ನೆಲ್ಲಿಗೆ ಹೋಗುತ್ತೆ?”

“ಹಂಗಾದ್ರೆ ಅದನ್ನ ಬರೆದ್ರೆ ಯಾರಿಗೂ ಕೇಡಿಲ್ಲ ಅಲ್ವಾ?”

ಆಕೆ ಬೆನ್ನಿಗೆ ಕಟ್ಟಿದ್ದ ಬಲಗೈಯನ್ನು ಬಿಚ್ಚಿಕೊಳ್ಳುತ್ತಿದ್ದರು.

“ನಮ್ಮಮ್ಮನ ಮುಖ ತಲೆಗೆ ಮರೆತಿದೆ,” ಎಂದರು. “ಆದ್ರೆ ಈ ಕೈಗೆ ಮರೆತಿಲ್ಲ. ಚಿಕ್ಕವಳಿದ್ದಾಗ ಮಲಗೋ ಮುಂಚೆ ಅವಳ ಮುಖದ ಮೇಲೆ ಕೈಯಾಡಿಸ್ತಿದ್ದೆ ಅಂತ ಕಾಣುತ್ತೆ. ಗೋಡೆ ತಲೆಯಿಂದ ತಗೊಂಡಿತು, ಕೈಯಿಂದ ತಗೊಳ್ಳೋದು ಮರೆತುಬಿಟ್ಟಿತು. ನಲವತ್ತು ವರ್ಷ ಇದನ್ನ ತಡೆದು ತಡೆದು ಸಾಕಾಗಿದೆ ಕಣಪ್ಪ. ಒಂದೇ ಒಂದು ಸಲ ಅದರ ಪಾಡಿಗೆ ಬಿಟ್ಟು ನೋಡ್ತೀನಿ. ಒಂದು ವರ್ಷ ಅವಳು ನನ್ನ ಕಣ್ಣ ಮುಂದೆ ಇರಲಿ.”

“ಮುಖ ಬರೀತೀರಾ? ಯಾರಾದ್ರೂ ‘ಮುಖ’ ಅಂದ್ರೆ ಊರಲ್ಲಿ ಒಬ್ಬರಿಗೂ ಮುಖ ಉಳಿಯಲ್ಲ!”

“ಥೂ ಪೆದ್ದ. ಕಣ್ಣು ಮೂಗು ಯಾರು ಬರೀತಾರೆ? ಕೈಗೆ ಕಣ್ಣು ಮೂಗು ಗೊತ್ತಿಲ್ಲ. ಅವಳು ಇದ್ದದ್ದು ಗೊತ್ತು, ಅಷ್ಟೆ.”

ಬೇಡ ಎನ್ನುವ ಅಧಿಕಾರ ನನಗಿತ್ತು. ಅನ್ನಲಿಲ್ಲ. ಮುಸುಕಿನ ಒಳಗಿನಿಂದ ಬಂದ ಆ ದನಿಗೆ ಏಳೇ ವರ್ಷ ಅನ್ನಿಸಿತು. ಯಾರೂ ನೆನಪಿಟ್ಟುಕೊಳ್ಳದ ಮುಖವನ್ನು ಯಾರು ಗುರುತು ಹಿಡಿಯುತ್ತಾರೆ? ಇದಕ್ಕಿಂತ ಕ್ಷೇಮವಾದ ಚಿತ್ರ ಇಲ್ಲವೇ ಇಲ್ಲ. ಹೀಗೆ ಲೆಕ್ಕ ಹಾಕಿದೆ ನಾನು, ಬುದ್ಧಿವಂತ.

ಒಂಬತ್ತನೆಯ ದಿನ ಬೆಳಿಗ್ಗೆ ನೋಡಲು ಹೋದೆ. ಮೇಲೆ ಬೂದಿ ಬೆರೆಸಿದ ನೀಲಿ, ಒಂದು ಕಡೆಗೆ ಕುಸಿಯುತ್ತಿದ್ದ ಅರಿಶಿನ. ಕೆಮ್ಮಣ್ಣು ಕೆಳಕ್ಕೆ ಇಳಿಯುತ್ತಾ ಬಂದು, ನೆಲ ಮುಟ್ಟುವ ಮೊದಲು ಏನನ್ನೋ ನೆನೆದು ನಿಂತಿತ್ತು. ಹತ್ತಿರದಿಂದ ನೋಡಿದೆ, ಏನೂ ಇಲ್ಲ. ಮೂವತ್ತು ಹೆಜ್ಜೆಯಿಂದ ನೋಡಿದೆ, ಏನೂ ಇಲ್ಲ. ಬಗ್ಗಿ ಕಾಲ ಸಂದಿಯಿಂದ ನೋಡಿದೆ. ಆಗ ಯಾರೋ ನನ್ನನ್ನು ಊಟಕ್ಕೆ ಕರೆದರು ಅನ್ನಿಸಿ ಥಟ್ಟನೆ ಎದ್ದು ಸುತ್ತ ನೋಡಿದೆ. ಯಾರೂ ಇರಲಿಲ್ಲ. ಕಣ್ಣು ಒದ್ದೆಯಾಗಿತ್ತು. ಕಣ್ಣಿಗೆ ಕಂಡರೆ ಕೈ ಎತ್ತಬೇಕೆಂದು ನಿಯಮ ಹೇಳುತ್ತದೆ. ಹೊಟ್ಟೆಗೆ ಕಂಡರೆ ಏನು ಮಾಡಬೇಕೆಂದು ಹೇಳಿಲ್ಲ. ನಾನು ಕೈ ಎತ್ತಲಿಲ್ಲ.

ಊರು ಸಾಲಾಗಿ ಬಂತು. ಕೊಡದ ನೀರನ್ನು ಕಲಕಿ ಬಾಯಿಗೆ ತುಂಬಿಕೊಂಡು ಬಂತು. ಊರ ಯಜಮಾನ ಮೊದಲು, ಆಮೇಲೆ ಮುದುಕರು, ಬಸುರಿಯರು, ಮಕ್ಕಳ ಬಾಯಿಗೆ ಅಂಗೈ ಒತ್ತಿಕೊಂಡ ತಾಯಂದಿರು. ಹೆಜ್ಜೆಯ ಸದ್ದು, ಕಾಲುವೆಗೆ ಉಗಿಯುವ ಸದ್ದು, ಬೇರೆ ಸದ್ದಿಲ್ಲ. ಗೋಡೆಯ ಮುಂದೆ ಬಂದವರು ಒಂದು ಗಳಿಗೆ ಹೆಜ್ಜೆ ನಿಧಾನ ಮಾಡುತ್ತಿದ್ದರು, ಕೆನ್ನೆ ಉಬ್ಬಿಸಿಕೊಂಡೇ ಕಣ್ಣೊರೆಸಿಕೊಳ್ಳುತ್ತಿದ್ದರು. ಎಂದೂ ಹೀಗಾಗಿರಲಿಲ್ಲ. ದೊಡ್ಡಮ್ಮ ಕಾಲುವೆಯ ಕಟ್ಟೆಯ ಮೇಲೆ ಕೂತಿದ್ದರು. ಕೈ ಕಂಕುಳಲ್ಲಿ ಇರಲಿಲ್ಲ, ತೊಡೆಯ ಮೇಲೆ ಇದ್ದವು, ನಡುಗುತ್ತಿರಲಿಲ್ಲ. ಗೋಡೆಯನ್ನೇ ನೋಡುತ್ತಿದ್ದರು.

ಸಾಲಿನ ಕೊನೆಗೆ ತಮ್ಮ ಬಂದ. ಬಂದವನು ಗೋಡೆಯ ಮುಂದೆ ನಿಂತುಬಿಟ್ಟ. ಬಾಯಲ್ಲಿ ನೀರು, ಕಣ್ಣು ಗೋಡೆಯ ಮೇಲೆ. ಅಕ್ಕನ ಕಡೆ ನೋಡಿದ. ಮತ್ತೆ ಗೋಡೆ ನೋಡಿದ. ಅವನ ಮುಖದಲ್ಲಿ ರಕ್ತ ಇಳಿದುಹೋದದ್ದು ನನಗೆ ಕಾಣಿಸಿತು. ಒಮ್ಮೆಲೇ ಎರಡೂ ಕೈ ಚಾಚಿ, ಹಸಿ ಬಣ್ಣವನ್ನು ಬಳಿದು ಅಳಿಸಲು ಗೋಡೆಗೆ ನುಗ್ಗಿದ.

ನಾನು ಓಡಿ ಹಿಡಿದುಕೊಂಡೆ. ಬರೆಯುವವರ ಕೈ ಬಿಟ್ಟು ಬೇರೆ ಕೈ ತಾಗಬಾರದು. ಅರ್ಧ ಅಳಿಸಿದ ಬಣ್ಣ ಏನು ಬೇಕಾದರೂ ಆಗಬಹುದು. ಆತ ನನಗಿಂತ ಹದಿನಾರು ವರ್ಷ ದೊಡ್ಡವನು, ಆದರೂ ಕೊಸರಾಡಿದ ರಭಸಕ್ಕೆ ನಾನು ಬೀಳುವುದರಲ್ಲಿದ್ದೆ. ನನಗೆ ಸಿಟ್ಟು ಬಂತು. ಹೆದರಿಕೆ ಬಂದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಅದು ನನ್ನ ಕೆಟ್ಟ ಗುಣ.

“ಏನಣ್ಣಾ ಇದು, ತಲೆ ಕೆಟ್ಟಿದೆಯಾ ನಿಮಗೆ? ಏನು ಕಂಡಿತು?”

ಆತ ತಲೆ ಅಲ್ಲಾಡಿಸಿದ. ಅಳಿಸು, ಅಳಿಸು ಎಂದು ಕೈಯಲ್ಲೇ ತೋರಿಸಿದ.

“ಎಲ್ಲಿ ಅಳಿಸೋದು? ಯಾವ ಜಾಗ? ಪೂರ್ತಿ ಬಳಿದರೆ ಗೋಡೆ ಬಿಳಿಯಾಗುತ್ತೆ, ಊರಿಗೂರೇ ಹಾಳಾಗುತ್ತೆ. ಏನು ಅಂತ ಗೊತ್ತಾಗದೆ ನಾನು ಒಂದು ಚುಕ್ಕೇನೂ ಅಳಿಸೋಕೆ ಬಿಡಲ್ಲ. ನನ್ನ ಕಿವಿಯಲ್ಲಿ ಹೇಳಿ. ನೋಟಗಾರನ ಕಿವಿಯೊಳಗೆ ಹೇಳಿದ್ದು ಗೋಡೆಗೆ ಕೇಳಿಸಲ್ಲ.”

ಆತ ನನ್ನ ಮುಖ ನೋಡಿದ. ಐವತ್ತು ವರ್ಷ ಯಾರನ್ನೂ ನಂಬದ ಬಾಯಿ.

“ನಮ್ಮಪ್ಪನಾಣೆ ಕೇಳಿಸಲ್ಲ. ಹೇಳೋ!” ಎಂದೆ. ಹಿರಿಯನನ್ನು ಏಕವಚನದಲ್ಲಿ ಗದರಿಸಿದೆ.

ಆತ ಬಾಯಲ್ಲಿದ್ದ ನೀರನ್ನು ನುಂಗಿದ. ಆ ಗುಟುಕಿನ ಸದ್ದು ಈಗಲೂ ನನಗೆ ಕೇಳಿಸುತ್ತದೆ. ನನ್ನ ಕಿವಿಗೆ ಬಾಯಿ ಹಚ್ಚಿದ. ದನಿ ತುಕ್ಕು ಹಿಡಿದಿತ್ತು, ಅಕ್ಷರಗಳು ಒಂದೊಂದಾಗಿ ಬಂದವು.

“ಅಕ್ಕನ ಹಾಗಿದೆ. ಸಾಯಂಕಾಲ ಮನೆಯಲ್ಲಿ ಮುಸುಕು ತೆಗೆದು ಕೂತ್ಕೊಳ್ತಾಳಲ್ಲ... ಸುಸ್ತಾಗಿ... ಹಾಗೇ ಇದೆ. ಬೇಗ ಅಳಿಸಿ.”

ಕನ್ನಡಿ ಇರುವ ಊರಿನವರಿಗೆ ಇದು ಎಂದೋ ಹೊಳೆದಿರುತ್ತಿತ್ತು. ಮಗಳು ವಯಸ್ಸಾಗುತ್ತಾ ತಾಯಿಯಾಗುತ್ತಾ ಹೋಗುತ್ತಾಳೆ. ಒಂದು ದಿನ ಕನ್ನಡಿಯಲ್ಲಿ ನೋಡಿಕೊಂಡು ‘ಅಯ್ಯೋ, ಅಮ್ಮ!’ ಅಂದುಕೊಳ್ಳುತ್ತಾಳೆ. ನಮ್ಮ ದೊಡ್ಡಮ್ಮ ಯಾವ ನೀರಿನಲ್ಲಿ ನೋಡಿಕೊಳ್ಳಬೇಕಿತ್ತು? ಕಲಕಿದ ನೀರಿನಲ್ಲೇ? ಕೈ ಹುಡುಕಿಕೊಂಡು ಹೋದ ಮುಖ ತನ್ನ ಮುಸುಕಿನೊಳಗೇ ಇದೆ ಎಂದು ಆಕೆಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ವಯಸ್ಸಾದ ಆ ಮುಖ ಕಂಡಿದ್ದವನು ಊರಿನಲ್ಲಿ ಒಬ್ಬನೇ. ನಾನು ಅವನ ಬಾಯಿ ಬಿಡಿಸಿದೆ.

ಕಟ್ಟೆಯ ಮೇಲಿನಿಂದ ದೊಡ್ಡಮ್ಮ ಏಳುತ್ತಿದ್ದರು. “ಏನಾಯ್ತೋ? ತಮ್ಮಂಗೆ ಏನಾಯ್ತು?” ಎಂದರು. ಇನ್ನೂ ಏನೋ ಕೇಳುವವರಿದ್ದರು. ಮುಸುಕು ಒಂದು ಗಳಿಗೆ ಗಾಳಿಯಲ್ಲಿ ಆಕೆಯ ಎತ್ತರದಲ್ಲೇ ನಿಂತಿತು. ಆಮೇಲೆ ಕಟ್ಟೆಯ ಮೇಲೆ ಬಿತ್ತು.

ಗೋಡೆ ಬಿಳಿಯಾಗತೊಡಗಿತು. ಅರಿಶಿನ ಹೋಯಿತು, ನೀಲಿ ಹೋಯಿತು, ಕೆಮ್ಮಣ್ಣು ಹೋಯಿತು. ಎಲ್ಲವೂ ಆಕೆಯೇ ಆಗಿದ್ದರಿಂದ ಎಲ್ಲವೂ ಹೋಯಿತು. ಈ ತುದಿಯಿಂದ ಆ ತುದಿಯವರೆಗೆ ಹಸಿ ಬಿಳುಪು. ಜನ ಚೀರಲೂ ಹೆದರಿ ಓಡಿಹೋಗಿ ಮತ್ತೆ ಬಾಯಿಗೆ ನೀರು ತುಂಬಿಕೊಂಡು ನಿಂತರು. ಊರ ಯಜಮಾನ ಬಿದ್ದಿದ್ದ ಮುಸುಕನ್ನು ಎತ್ತಿ ತಂದು ನನ್ನ ತಲೆಯ ಮೇಲೆ ಹಾಕಿದ. ಉಸಿರು ತಾಗುವ ಕಡೆ ಬಟ್ಟೆ ಇನ್ನೂ ಒದ್ದೆಯಾಗಿತ್ತು.

ಅಂದು ಹೊತ್ತು ಮುಳುಗುವವರೆಗೆ ನಾನು ಬರೆದೆ. ಬಲಗೈ ಬೆನ್ನಿಗೆ ಕಟ್ಟಿಕೊಂಡೆ, ಹಿಂದೆ ಹಿಂದೆ ನಡೆದೆ, ಊರು ಕಾಣುವ ಮೊದಲು ಗೆರೆಗಳನ್ನು ತಿರುಗಿಸಿದೆ. ಎಂಥ ಹೆದರಿಕೆ ಅದು! ನೋಡುವವನಿಗೆ ಅದರಲ್ಲಿ ಕಾಲು ಭಾಗವೂ ಗೊತ್ತಾಗುವುದಿಲ್ಲ. ಎಲ್ಲ ಗೆರೆಯೂ ಹೆಂಡತಿಯಾಗಲು ಹೊರಡುತ್ತದೆ, ಎಲ್ಲ ಬಣ್ಣವೂ ಮಗಳಾಗಲು ಹೊರಡುತ್ತದೆ. ಆಕೆಯ ಮುಖ ಕಂಡವನು ಒಬ್ಬನೇ ಇದ್ದ, ಅಷ್ಟೇ ಸಾಕಾಯಿತು. ನನ್ನ ಮುಖ ಊರಿಗೆಲ್ಲ ಗೊತ್ತು.

ಅಂದಿನ ಕೆಲಸ ಮುಗಿಸಿ ಆಕೆಯ ಮನೆಗೆ ಹೋದೆ. ತಮ್ಮನ ಕಾಲಿಗೆ ಬಿದ್ದು ಎಲ್ಲ ಹೇಳಿಬಿಡಬೇಕೆಂದು ಹೋದೆ. ತಮ್ಮ ಒಲೆಯ ಮುಂದೆ ಕೂತಿದ್ದ. ಎದುರಿಗೆ ಎರಡು ತಟ್ಟೆ.

“ಬನ್ನಿ ಬನ್ನಿ,” ಎಂದ. ಮಾತಾಡಿದ, ಸರಾಗವಾಗಿ. “ನೋಡಿ, ಇವತ್ತು ಯಾಕೋ ಎರಡು ತಟ್ಟೆ ಹಾಕಿಬಿಟ್ಟೆ. ನೀವು ಬರ್ತೀರಿ ಅಂತ ಕೈಗೆ ಗೊತ್ತಿತ್ತೇನೋ.”

ನಾನು ಹೊಸ್ತಿಲಲ್ಲೇ ನಿಂತೆ.

“ಗೋಡೆ ಬರೀತಿದ್ದ ಹೆಂಗಸು ಹೋದಳಂತಲ್ಲ,” ಎಂದ. “ಅವಳು ನನ್ನ ಅಕ್ಕ ಆಗಬೇಕಂತೆ, ಊರವರು ಹೇಳ್ತಾರೆ. ನನಗಂತೂ ಅಕ್ಕ ಅಂತ ಯಾರೂ ಇದ್ದ ನೆನಪಿಲ್ಲ. ಯಾರ ಬಾಯಿಂದ ಬಂತಂತೆ ಆ ಮಾತು?” ಅಕ್ಕನ ಜೊತೆಗೇ ತನ್ನ ಐವತ್ತು ವರ್ಷದ ಮೌನವೂ, ನನ್ನ ಕಿವಿಯಲ್ಲಿ ಹೇಳಿದ ಮಾತೂ ಅವನ ತಲೆಯಿಂದ ಹೋಗಿದ್ದವು; ಆ ಮಾತು ಕೇಳಿದ್ದವನು ನಾನೊಬ್ಬನೇ.

“ಗೊತ್ತಾಗಲಿಲ್ಲ ಅಣ್ಣ.”

“ಯಾರೋ ಪಾಪಿ,” ಎಂದ. ಸೌಟು ತೆಗೆದುಕೊಂಡ. “ನೀವು ಅಷ್ಟು ವರ್ಷ ಅವಳ ಜೊತೆಗಿದ್ದವರು. ಹೇಗಿದ್ದಳು?”

ನಮ್ಮೂರಿನಲ್ಲಿ ಯಾರೂ ಕೇಳದ ಪ್ರಶ್ನೆ ಅದು. ನಾನು ಆಕೆಯ ಮುಖ ಕಂಡವನಲ್ಲ, ಅದಕ್ಕೇ ಗೋಡೆ ನನ್ನ ತಲೆಯಿಂದ ಆಕೆಯನ್ನು ಒಯ್ದಿರಲಿಲ್ಲ. ಆಕೆಯ ಕೈ ನೆನಪಾಯಿತು, ಉಗುರಿನ ಕೆಮ್ಮಣ್ಣು ನೆನಪಾಯಿತು.

“ಯಾರ ಹಾಗೂ ಇರಲಿಲ್ಲ,” ಎಂದೆ.

ಆತ ತಲೆದೂಗಿದ. ಅನ್ನ ಬಡಿಸಿದ, ಸಾರು ಬಡಿಸಿದ, ತಟ್ಟೆಯನ್ನು ನನ್ನ ಕಡೆ ಸರಿಸಿದ. ಮುಸುಕು ತೆಗೆಯದೆ ಉಣ್ಣಲಾಗುವುದಿಲ್ಲ. ತೆಗೆದೆ. ಆತ ನನ್ನ ಮುಖವನ್ನು ಚೆನ್ನಾಗಿ ನೋಡಿದ. ನಾನು ಆಕೆಯ ತಟ್ಟೆಯಲ್ಲಿ ಉಂಡೆ.